ಬಂದರಗಳ ಪೈಪೋಟಿಯೂ ಒಳನಾಡಿನ ಹಳಿಯೂ

ಹತ್ತಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಹುಕಾಲ ಪ್ರಸಿದ್ಧವಾಗಿದ್ದಿತು. ಕುಮಟೆಯು ಹತ್ತಿ ಬೆಳೆಯುವ ಸೀಮೆಯಲ್ಲ. ಧಾರವಾಡ ಜಿಲ್ಲೆಯ ಎರೆಯ ಹೊಲಗಳಲ್ಲಿ ಬೆಳೆದ ಅರಳೆಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿದ್ದುದರಿಂದ ಅದಕ್ಕೆ ಬಂದರದ ಹೆಸರೇ ಅಂಟಿಕೊಂಡಿತು. ಮುಂದೆ ವ್ಯಾಪಾರವು ಕುಮಟೆಯನ್ನು ಬಿಟ್ಟುಹೋಯಿತು. ಹೆಸರು ಮಾತ್ರ ಉಳಿಯಿತು. ಇದು ಹೇಗಾಯಿತೆಂಬುದನ್ನು ವಿಚಾರಿಸುವದು ಇಂದಿಗೂ ಅವಶ್ಯವಾಗಿದೆ. ಏಕೆಂದರೆ ಮಂಗಳೂರಿನ ಬಂದರದ ಇಂದಿನ ಕೊರತೆಯೂ ಅದೇ ಜಾತಿಯದು.

1861ರಿಂದ 1865ರ ವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದಿಂದ ಇಂಗ್ಲಂಡದ ಗಿರಣಿಗಳಿಗೆ ಹತ್ತಿಯ ಅಭಾವವುಂಟಾದಾಗ ಆಂಗ್ಲ ವರ್ತಕರ ದೃಷ್ಟಿಯು ಧಾರವಾಡದ ಕಡೆಗೆ ತಿರುಗಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಕಾರವಾರವನ್ನು ಹತ್ತಿಯ ಬಂದರವನ್ನಾಗಿ ಮಾಡಬೇಕೆಂಬ ಹಂಬಲವು ಈ ಬದಲಾವಣೆಯ ಹಿಂದೆ ಇದ್ದಿತು. ದ್ವೀಪಗಳ ಮರೆಯುಳ್ಳ ಆ ಕೊಲ್ಲಿಯು ನಿಸರ್ಗವೇ ನಿರ್ಮಿಸಿದ ಆಶ್ರಯಸ್ಥಾನ. ಘಟ್ಟದ ರಸ್ತೆಯಾಯಿತು, ರೇಲ್ವೆಯ ಯೋಜನೆಗಳೂ ಕಾಗದದ ಮೇಲೆ ಬಂದವು. ಹಳಿ ಮಾತ್ರ ಬೀಳಲಿಲ್ಲ.

ಹಳಿ ಬಿದ್ದುದು ಗೋವೆಯಲ್ಲಿ. 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಆದ ಕರಾರಿನಂತೆ ಮುರ್ಮಗೋವೆಯ ಬಂದರಕ್ಕೂ ಹುಬ್ಬಳ್ಳಿಗೂ ರೇಲ್ವೆಯ ಸಂಬಂಧವನ್ನು ಕಲ್ಪಿಸುವದೆಂದು ನಿಶ್ಚಯವಾಯಿತು. ಘಟ್ಟದ ಕೆಳಗಿನಿಂದ ಪೋರ್ತುಗೀಜ ಕಂಪನಿಯ ಮಾರ್ಗವೂ, ಮೇಲಿನಿಂದ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೇಲ್ವೆಯೂ ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. 1888ರ ಸುಮಾರಿಗೆ ಬಂಡಿಗಳು ಓಡಹತ್ತಿದ ಮೇಲೆ ಕುಮಟೆ ಕಾರವಾರಗಳ ದಾರಿಯಲ್ಲಿ ಎತ್ತುಗಳ ಸಾಲು ಕರಗುತ್ತ ಹೋಯಿತು. ಮುಂದೆ ಪುಣೆಯ ಮಾರ್ಗವೂ ತೆರೆಯಲು, ಧಾರವಾಡದ ವರ್ತಕನಿಗೆ ಮುರ್ಮಗೋವೆ, ಮುಂಬಯಿ ಎಂಬ ಎರಡು ಬಾಗಿಲುಗಳು ದೊರೆತವು. ಎರಡೂ ಕನ್ನಡಿಗರ ಕರಾವಳಿಯಲ್ಲಿರಲಿಲ್ಲ. ಘಟ್ಟವೇ ನಮ್ಮ ಬಂದರಗಳಿಗೆ ಅಡ್ಡವಾಯಿತೆಂದು ಹೇಳುವವರು ಒಂದು ಮಾತನ್ನು ನೆನೆಯಬೇಕು. ದೂಧಸಾಗರದ ಬಳಿಯ ಮಾರ್ಗವು 37 ಅಡಿಗೆ ಒಂದಡಿ ಏರುವಂಥ ಕಡಿದಾದ ಘಟ್ಟವನ್ನೇ ಹತ್ತಿ ಬಂದುದು. ಅಲ್ಲಿ ಹಳಿ ಹಾಕುವ ಸಂಕಲ್ಪವಿದ್ದಿತು. ಕಾರವಾರಕ್ಕೆ ಅದು ಇರಲಿಲ್ಲ.

ಮಂಗಳೂರಿನ ಚರಿತ್ರೆಯು ಇನ್ನೂ ವಿಚಿತ್ರವಾದುದು. 1907ರಲ್ಲಿಯೇ ಅಲ್ಲಿಗೆ ರೇಲ್ವೆ ಬಂದಿತು. ಆದರೆ ಅದು ಮಲಬಾರದ ಕಡೆಯಿಂದ. ಬೆನ್ನ ಹಿಂದಿನ ಹಾಸನ, ಮೈಸೂರು, ಬೆಂಗಳೂರುಗಳಿಗೆ ನೇರವಾದ ಹಳಿಯು ದೊರೆತದ್ದು 1979ರಲ್ಲಿ. ಪಣಂಬೂರಿನ ಹೊಸ ಬಂದರವು 1974ರಲ್ಲಿಯೇ ಮಹಾಬಂದರಗಳ ಪಂಕ್ತಿಗೆ ಸೇರಿದ್ದಿತು. ಕುದುರೆಮುಖದ ಅದಿರು ನೀರಿನೊಡನೆ ಬೆರೆತು ಕೊಳವೆಯಲ್ಲಿಯೇ 67 ಕಿಲೋಮೀಟರು ಹರಿದು ಕಡಲಿಗೆ ಬಂದಿತು. 2005ರ ಕೊನೆಗೆ ಗಣಿಯೂ ನಿಂತಿತು. ಅಷ್ಟರಲ್ಲಿ ಹಳಿಯ ಅಗಲವನ್ನು ಬದಲಿಸಲು 1996ರಲ್ಲಿ ಮುಚ್ಚಿದ ಘಟ್ಟದ ಮಾರ್ಗವು ಸರಕಿನ ಬಂಡಿಗಳಿಗೆ ಮತ್ತೆ ತೆರೆದದ್ದು 2006ರಲ್ಲಿ. ಹತ್ತು ವರ್ಷ ಬಾಗಿಲು ಮುಚ್ಚಿದ ಅಂಗಡಿಗೆ ಗಿರಾಕಿಗಳು ತಾವಾಗಿ ಮರಳುವರೇ?

ಈ ನಡುವೆ ಪೈಪೋಟಿಯ ಸ್ವರೂಪವೇ ಬದಲಾಯಿತು. ಸರಕು ಈಗ ಕಂಟೇನರ್ ಎಂಬ ಉಕ್ಕಿನ ಪೆಟ್ಟಿಗೆಯಲ್ಲಿ ಸಾಗುವದು. 1981ರಲ್ಲಿ ಭಾರತದ ಮೊದಲನೆಯ ಒಳನಾಡಿನ ಕಂಟೇನರ್ ಡಿಪೋ ಬೆಂಗಳೂರಿನಲ್ಲಿಯೇ ಪ್ರಾರಂಭವಾಯಿತು; ಮುಂದೆ ವೈಟ್‌ಫೀಲ್ಡು ಅದರ ಕೇಂದ್ರವಾಯಿತು. ಸುಂಕದ ಅಧಿಕಾರಿಗಳು ಅಲ್ಲಿಯೇ ತಪಾಸಣೆ ಮಾಡಿ ಮುದ್ರೆಯೊತ್ತುವರು. ವರ್ತಕನ ಪಾಲಿಗೆ ಬಂದರದ ಬಾಗಿಲು ಅಲ್ಲಿಯೇ ಬಂದಂತಾಯಿತು. ಡಿಪೋದಿಂದ ಯಾವ ಬಂದರಕ್ಕೆ ರೇಲ್ವೆ ಬಂಡಿಯು ನಿಶ್ಚಿತ ಕಾಲಕ್ಕೆ ಹೊರಡುವದೋ ಆ ಬಂದರವೇ ಗೆಲ್ಲುವದು. ಬೆಂಗಳೂರಿನಿಂದ ಚೆನ್ನೈಗೂ ಮಂಗಳೂರಿಗೂ ದೂರವು ಬಹಳ ಭಿನ್ನವಲ್ಲ. ಆದರೆ ಚೆನ್ನೈಗೆ ಜೋಡಿ ಹಳಿಯ ಸಮಮಾರ್ಗ. ಮಂಗಳೂರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯದ ವರೆಗೆ 55 ಕಿಲೋಮೀಟರಿನ ಒಂಟಿ ಹಳಿ, 57 ಸುರಂಗಗಳು, 50ಕ್ಕೆ ಒಂದರಂತೆ ಏರು. ಅಲ್ಲಿ ಬಂಡಿಯನ್ನು ಹಿಂದಿನಿಂದ ನೂಕಲು ಬೇರೆ ಇಂಜಿನು ಬೇಕು.

ಇದರಿಂದ ಹುಟ್ಟುವ ವಿಷಚಕ್ರವನ್ನು ವಾಚಕರು ಗಮನಿಸಬೇಕು. ಪೆಟ್ಟಿಗೆಗಳು ಕಡಿಮೆಯಾದುದರಿಂದ ದೊಡ್ಡ ಹಡಗುಗಳು ಮಂಗಳೂರಿಗೆ ಮೇಲಿಂದಮೇಲೆ ಬರುವದಿಲ್ಲ. ಹಡಗುಗಳು ಬಾರದುದರಿಂದ ವರ್ತಕನು ಪೆಟ್ಟಿಗೆಗಳನ್ನು ಅಲ್ಲಿಗೆ ಕಳಿಸುವದಿಲ್ಲ. ಆಮದಾದ ಪೆಟ್ಟಿಗೆಗಳು ಬರಿದಾಗಿ ಬೆಂಗಳೂರಿನಲ್ಲಿ ದೊರೆಯುವವು. ಮಂಗಳೂರಿನ ಕಾಫಿ, ಗೋಡಂಬಿಗಳ ವ್ಯಾಪಾರಿಗೆ ಅವನ್ನು ತರಿಸುವದೇ ಒಂದು ಖರ್ಚು. ಇದರಲ್ಲಿ ಚೆನ್ನೈಯ ತಪ್ಪೇನೂ ಇಲ್ಲ. ಮಿತವ್ಯಯದ ದಾರಿಯನ್ನು ಹಿಡಿಯುವ ವರ್ತಕನನ್ನೂ ದೂಷಿಸಲಾಗದು. ನಾಡಭಿಮಾನದ ಮಾತಿನಿಂದ ಬಾಡಿಗೆಯ ದರವು ಇಳಿಯುವದಿಲ್ಲ.

ಹಾಗಾದರೆ ಕರ್ತವ್ಯವೇನು? ಗುಜರಾಥದ ಪಿಪಾವಾವ ಬಂದರವು ರೇಲ್ವೆಯ ದಾರಿಯನ್ನು ಕಾಯುತ್ತ ಕೂಡಲಿಲ್ಲ. ರೇಲ್ವೆ ಖಾತೆಯೊಡನೆ ಸಮಪಾಲಿನ ಕಂಪನಿಯನ್ನು ಕಟ್ಟಿ ಸುರೇಂದ್ರನಗರದ ವರೆಗೆ ಮಾರ್ಗವನ್ನು ಮಾಡಿಸಿಕೊಂಡಿತು. ಹಾಸನ-ಮಂಗಳೂರು ಮಾರ್ಗಕ್ಕಾಗಿಯೂ 2003ರಲ್ಲಿ ರಾಜ್ಯ ಸರಕಾರ ಮತ್ತು ರೇಲ್ವೆಗಳು ಕೂಡಿದ ಕಂಪನಿಯಾಯಿತು. ಆ ಸಹಕಾರವು ಹಳಿಯಲ್ಲಿಯೇ ನಿಲ್ಲಬಾರದು. ಕಾಫಿಯ ಸೀಮೆಗೆ ಸಮೀಪವಾಗಿ ಹಾಸನದ ಬಳಿಯಲ್ಲಿ ಸುಂಕದ ಸೌಕರ್ಯವುಳ್ಳ ಡಿಪೋ ಬೇಕು. ಅಲ್ಲಿಂದ ಪೆಟ್ಟಿಗೆ ತುಂಬಲಿ ತುಂಬದಿರಲಿ, ಗೊತ್ತಾದ ದಿನ ಹೊರಡುವ ಬಂಡಿ ಬೇಕು. ಮೊದಲಿನ ಕೆಲವು ವರ್ಷಗಳ ನಷ್ಟವನ್ನು ಬಂದರವೂ ರಾಜ್ಯವೂ ಹಂಚಿಕೊಳ್ಳಬೇಕು. ಹಾಗಲ್ಲದೆ ಚಕ್ರವು ತಿರುಗುವದು ಅಸಾಧ್ಯ.

ಕಾರವಾರದ ಕಡೆಯ ಮಾತು ಬೇರೆ. ಹುಬ್ಬಳ್ಳಿ-ಅಂಕೋಲೆಯ ಮಾರ್ಗವು ಹಿಂದಿನ ಶತಮಾನದ ಕೊನೆಯಲ್ಲಿ ಮಂಜೂರಾಗಿಯೂ ಕಡಲನ್ನು ಮುಟ್ಟಿಲ್ಲ. ಅದು ಹಾಯಬೇಕಾದ ಅರಣ್ಯವು ನದಿಗಳ ತವರು. ಅದನ್ನು ರಕ್ಷಿಸಬೇಕೆಂಬುವರ ವಾದವು ತೂಕವುಳ್ಳದ್ದು. 1862ರಲ್ಲಿ ಕಂಡ ಕನಸಿಗೆ ಇಂದು ತೆರಬೇಕಾದ ಬೆಲೆ ಬಹಳ ಏರಿದೆ. ಸಕಾಲದಲ್ಲಿ ಮಾಡದ ಕೆಲಸವು ಹೀಗೆಯೇ ಕಠಿಣವಾಗುವದು. ಮಂಗಳೂರಿಗಾದರೋ ಘಟ್ಟದಲ್ಲಿ ಹಳಿಯು ಆಗಲೇ ಇದೆ. ಅದರ ಮೇಲೆ ಸರಕು ಓಡುವಂತೆ ಮಾಡುವ ಹೊಣೆಯು ಅಧಿಕಾರಿಗಳದೂ ವರ್ತಕ ಸಂಘಗಳದೂ ಆಗಿದೆ. ಇದನ್ನೂ ತಡಮಾಡಿದರೆ ಕುಮಟೆಗಾದ ಗತಿಯು ಮಂಗಳೂರಿನ ಕಂಟೇನರ್ ವ್ಯಾಪಾರಕ್ಕೂ ಆಗದೆ ಇರದು.