ಆಕಾಶದ ದೂರ, ನೆಲದ ದೂರ: ಬೇಲೂರು ಸೀಮೆಯ ಒಂದು ಎಣಿಕೆ

ಚರಿತ್ರೆಯ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಒಂದು ದೋಷವು ಮರಳಿ ಮರಳಿ ಕಾಣುತ್ತದೆ. ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು, ದೊರೆತ ದೂರವನ್ನು ದಿನವೊಂದಕ್ಕೆ ಇಷ್ಟೆಂದು ಭಾಗಿಸಿ, ಸೈನ್ಯವು ಇಂತಿಷ್ಟು ದಿನಗಳಲ್ಲಿ ದೋರಸಮುದ್ರವನ್ನು ಸೇರಿತೆಂದು ನಿರ್ಣಯಿಸಿಬಿಡುತ್ತಾರೆ. ಇಂತಹ ಎಣಿಕೆಯು ವಿಮಾನಕ್ಕೂ ಸಲ್ಲದೆಂಬುದನ್ನು ಮೊದಲು ನೋಡೋಣ.

2008ರಲ್ಲಿ ಆರಂಭವಾದ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣಕ್ಕೂ ಮಂಗಳೂರಿನ ಬಜ್ಪೆಗೂ ನೇರಗೆರೆಯನ್ನೆಳೆದರೆ ಅದರ ಉದ್ದ ಸುಮಾರು 306 ಕಿಲೋಮೀಟರು. ಆ ಗೆರೆಯು ಬೇಲೂರಿಗೆ 13 ಕಿಲೋಮೀಟರಿನಷ್ಟು ದಕ್ಷಿಣದಲ್ಲಿ ಹಾದುಹೋಗುತ್ತದೆ. ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಇದು 23 ನಿಮಿಷದ ದಾರಿ. ಆದರೆ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆಯನ್ನು ಕಾಣುತ್ತೇವೆ. ವಿಮಾನವು ನೆಲದ ಮೇಲೆ ಸಾಗಿ ಸರದಿಗಾಗಿ ಕಾಯಬೇಕು. ಮೇಲೇರುವಾಗಲೂ ಇಳಿಯುವಾಗಲೂ ಅದಕ್ಕೆ ಪೂರ್ಣವೇಗವಿರದು. ಹಾರುವುದೂ ನಮ್ಮ ಗೆರೆಯ ಮೇಲಲ್ಲ, ಗೊತ್ತುಪಡಿಸಿದ ಮಾರ್ಗದಲ್ಲಿ. ಇಷ್ಟು ಸಮೀಪದ ಪಯಣದಲ್ಲಿ ಈ ಹೆಚ್ಚಿನ ಕಾಲವೇ ಹಾರಾಟದ ಕಾಲವನ್ನು ಮೀರಿಸುತ್ತದೆ.

ಇನ್ನು ನೆಲಕ್ಕಿಳಿಯೋಣ. ಬೇಲೂರು 13 ಅಂಶ 10 ಕಲೆ ಉತ್ತರ ಅಕ್ಷಾಂಶ, 75 ಅಂಶ 52 ಕಲೆ ಪೂರ್ವ ರೇಖಾಂಶದಲ್ಲಿದೆ. ಹಳೇಬೀಡು 13 ಅಂಶ 13 ಕಲೆ, 76 ಅಂಶದಲ್ಲಿ. ಅಕ್ಷಾಂಶದ ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರು. ಧ್ರುವಗಳತ್ತ ರೇಖೆಗಳು ಕೂಡುತ್ತ ಹೋಗುವುದರಿಂದ ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಅಂಶಕ್ಕೆ 108 ಮಾತ್ರ. ಹೀಗೆ ಉತ್ತರಕ್ಕೆ ಐದೂವರೆ, ಪೂರ್ವಕ್ಕೆ ಹದಿನಾಲ್ಕೂವರೆ. ಲಂಬಕೋನ ತ್ರಿಭುಜದ ನಿಯಮದಂತೆ ನೇರದೂರ ಹದಿನೈದೂವರೆ ಕಿಲೋಮೀಟರು. ರಸ್ತೆಯ ದೂರ ಸುಮಾರು 16. ಅಳತೆಪಟ್ಟಿಯು ಇಲ್ಲಿ ಸುಳ್ಳಾಡಲಿಲ್ಲ. ಹಳೆಯ ಮೈಸೂರಿನ ಹಿರಿಯರ ಲೆಕ್ಕದಲ್ಲಿ ಇದು ಮೂರು ಹರದಾರಿಗೆ ತುಸು ಹೆಚ್ಚು, ನಾಲ್ಕು ಗಂಟೆಯ ನಡಿಗೆ. 1117ರ ಚೆನ್ನಕೇಶವ ದೇವಾಲಯವಿರುವ ಬೇಲೂರೂ ರಾಜಧಾನಿಯಾದ ದೋರಸಮುದ್ರವೂ ಅರ್ಧದಿನದ ಅಂತರದ ನೆರೆಹೊರೆಯವು.

ಹಳೇಬೀಡಿನಿಂದ ಅರಸೀಕೆರೆಗೆ ಹೊರಟರೆ ಮಾತು ಬೇರೆ. ನೇರದೂರ ಸುಮಾರು 30 ಕಿಲೋಮೀಟರು. ಜಾವಗಲ್ಲು, ಬಾಣಾವರಗಳ ಮೇಲಿನ ದಾರಿ ಸುಮಾರು 40. ಮೂರನೆಯ ಒಂದು ಪಾಲು ಹೆಚ್ಚು! ಅರಸೀಕೆರೆಯ ಈಶ್ವರ ದೇವಾಲಯವನ್ನು (1220) ನೋಡಲು ರಾಜಧಾನಿಯಿಂದ ಬಂಡಿಯಲ್ಲಿ ಬರುವವನು ನಡುದಾರಿಯಲ್ಲಿ ಒಂದಿರುಳು ತಂಗಲೇಬೇಕಾಗಿತ್ತು. (ಬೆಂಗಳೂರಿನಿಂದ ರೈಲಿನಲ್ಲಿ ಅರಸೀಕೆರೆಗೆ 166 ಕಿಲೋಮೀಟರು, ಇಂದಿನ ಪ್ರಯಾಣಿಕನು ಒಂದು ಹೊತ್ತಿನೊಳಗೆ ಬಂದಿಳಿಯುತ್ತಾನೆ.)

ಈ ಎರಡು ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 1311ರ ದಂಡಯಾತ್ರೆಯನ್ನು ಪರಿಶೀಲಿಸಬೇಕು. ಮಲಿಕ್ ಕಾಫೂರನು ಪಂಢರಪುರದ ಕಡೆಯಿಂದ ಹೊರಟು ಹನ್ನೆರಡು ದಿನಗಳಲ್ಲಿ ದೋರಸಮುದ್ರವನ್ನು ಮುಟ್ಟಿದನೆಂದು ಅಮೀರ್ ಖುಸ್ರೂವಿನ ವೃತ್ತಾಂತವನ್ನಾಧರಿಸಿ ಇತಿಹಾಸಕಾರರು ಹೇಳುತ್ತಾರೆ. ನೇರದೂರ ಸುಮಾರು 500 ಕಿಲೋಮೀಟರು. ಅಳತೆಪಟ್ಟಿಯ ಪ್ರಕಾರ ದಿನಕ್ಕೆ 42. ಅರಸೀಕೆರೆಯ ದಾರಿಯ ಪ್ರಮಾಣವನ್ನು ಇಲ್ಲಿಯೂ ಹಿಡಿದರೆ ದಿನಕ್ಕೆ 55ನ್ನು ಮೀರುತ್ತದೆ. ದಿನಕ್ಕೆ 20–25 ಕಿಲೋಮೀಟರು ನಡೆಯುವ ಎತ್ತುಗಳಿಗೆ ಇದು ಆಗದ ಮಾತು. ಬಂದದ್ದು ಸಾಮಾನುಸರಂಜಾಮುಗಳೊಡನೆ ಇಡಿಯ ಸೈನ್ಯವಲ್ಲ, ಆಯ್ದ ಕುದುರೆ ಸವಾರರ ಪಡೆಯೆಂದು ನಾವು ಭಾವಿಸುವುದು ಈ ಕಾರಣದಿಂದಲೇ.