ಉಪಕೇಂದ್ರದ ಹೊಸ ಅಧಿಕಾರಿ: ಡಾಕ್ಟರೂ ಅಲ್ಲ, ಬರಿಯ ನರ್ಸೂ ಅಲ್ಲ

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡು, ಮೈಲುತುತ್ತದ ದರ ಎಲ್ಲವೂ ಚರ್ಚೆಯಾಗಿ ಊಟಕ್ಕೆ ಏಳುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದರು: "ಕಾರ್ಯದರ್ಶಿಗಳೇ, ನಮ್ಮೂರ ಉಪಕೇಂದ್ರಕ್ಕೆ ಹೊಸ ಬಣ್ಣ ಬಳಿದು ಬೋರ್ಡು ಹಾಕಿದ್ದಾರೆ. ಒಳಗೆ ಕೂತಿರುವುದು ಒಬ್ಬ ಹುಡುಗಿ. ಆಕೆ ಡಾಕ್ಟರೋ ನರ್ಸೋ? ಡಾಕ್ಟರನ್ನು ಕೊಡಲಾರದೆ ನರ್ಸಿನಲ್ಲೇ ಸುಧಾರಿಸುತ್ತಿದ್ದಾರೆಯೋ ಹೇಗೆ?" ಊಟದ ಅವಸರದಲ್ಲಿ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಆದ್ದರಿಂದ ವಿಷಯವನ್ನು ಸ್ವಲ್ಪ ವಿಚಾರಿಸಿ, ಓದಿ, ಇಲ್ಲಿ ಬರೆಯುತ್ತಿದ್ದೇವೆ.

ಆಕೆಯ ಹುದ್ದೆಯ ಹೆಸರು ಸಮುದಾಯ ಆರೋಗ್ಯ ಅಧಿಕಾರಿ. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ ಯೋಜನೆಯಲ್ಲಿ 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸುತ್ತ ಬಂದರು. 2023ರಲ್ಲಿ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಾಯಿತು. ಬಯಲು ಸೀಮೆಯಲ್ಲಿ 5,000 ಜನಕ್ಕೆ, ನಮ್ಮಂಥ ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರವೆಂಬುದು ಲೆಕ್ಕ. ಮೊದಲು ಅಲ್ಲಿ ಇರುತ್ತಿದ್ದ ಆರೋಗ್ಯ ಸಹಾಯಕಿಯ ಕೆಲಸ ಹೆಚ್ಚಾಗಿ ಬಸುರಿ, ಬಾಣಂತಿ, ಮಕ್ಕಳ ಚುಚ್ಚುಮದ್ದು ಇಷ್ಟಕ್ಕೇ ಸೀಮಿತ. ಈಗ ಅವರ ಜೊತೆಗೆ ಈ ಅಧಿಕಾರಿ ಬಂದಿದ್ದಾರೆ. ಇವರು ನರ್ಸಿಂಗ್ ಓದಿ, ಅದರ ಮೇಲೆ ಆರು ತಿಂಗಳು ಸಮುದಾಯ ಆರೋಗ್ಯದ ತರಬೇತಿ ಪಡೆದವರು. ಕೆಲವು ಕಡೆ ಆಯುರ್ವೇದ ಪದವೀಧರರೂ ಇದ್ದಾರೆ. ಈಚಿನ ನರ್ಸಿಂಗ್ ಪದವಿಯಲ್ಲಿ ಈ ಪಾಠವನ್ನು ಒಳಗೇ ಸೇರಿಸಲಾಗಿದೆ.

ಡಾಕ್ಟರಿಗಿಂತ ಕಡಿಮೆ ಕಾಲ ಓದಿದವರಿಂದ ಹಳ್ಳಿಯ ಔಷಧೋಪಚಾರ ನಡೆಸುವುದು ಹೊಸ ಕಲ್ಪನೆಯೇನೂ ಅಲ್ಲ. ನಮ್ಮ ತಂದೆಯವರ ಕಾಲದವರು 'ಎಲ್.ಎಂ.ಪಿ. ಡಾಕ್ಟರು' ಎಂದು ನೆನೆಯುತ್ತಿದ್ದರಲ್ಲ, ಅವರು ಪೂರ್ಣ ಪದವೀಧರರಲ್ಲ, ಲೈಸೆನ್ಸು ಪಡೆದ ವೈದ್ಯರು. 1946ರ ಭೋರ್ ಸಮಿತಿಯ ವರದಿಯಂತೆ ದೇಶದಲ್ಲಿ ನೋಂದಾಯಿತರಾದ 47,524 ವೈದ್ಯರಲ್ಲಿ 29,870 ಜನ ಇಂಥವರೇ. ಇನ್ನು ಮುಂದೆ ಒಂದೇ ದರ್ಜೆಯ ಪದವೀಧರ ವೈದ್ಯರಿರಲಿ ಎಂದು ಸಮಿತಿ ಬಹುಮತದಿಂದ ಸೂಚಿಸಿತು. ಕೆಲವು ಸದಸ್ಯರು ಒಪ್ಪಲಿಲ್ಲ. ಆ ಶಾಲೆಗಳು ಮುಚ್ಚಿದವು. ಉದ್ದೇಶ ಒಳ್ಳೆಯದೇ. ಆದರೆ ಪದವೀಧರರು ಪೇಟೆಯಲ್ಲಿ ನಿಂತರು, ಹಳ್ಳಿಯ ಕುರ್ಚಿ ಖಾಲಿ ಉಳಿಯಿತು ಎಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದಲ್ಲಿ 1965ರಲ್ಲಿ ಇದಕ್ಕೆ ಎರಡು ದಾರಿ ಒಂದೇ ವರ್ಷ ತೆರೆದವು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಕೂಡಿ ನರ್ಸುಗಳಿಗೆ ಹೆಚ್ಚಿನ ಶಿಕ್ಷಣ ಕೊಟ್ಟು 'ನರ್ಸ್ ಪ್ರಾಕ್ಟೀಷನರ್' ಎಂಬ ವರ್ಗವನ್ನು ಹುಟ್ಟುಹಾಕಿದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ನೌಕಾದಳದಲ್ಲಿ ಶುಶ್ರೂಷೆಯ ಅನುಭವವಿದ್ದ ನಾಲ್ವರನ್ನು ತೆಗೆದುಕೊಂಡು 'ಫಿಸಿಷಿಯನ್ ಅಸಿಸ್ಟೆಂಟ್' ತರಬೇತಿ ಆರಂಭಿಸಿದರು. 1977ರ ಒಂದು ಕಾಯಿದೆಯಿಂದ ಅಲ್ಲಿನ ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಇಂಥವರು ಮಾಡಿದ ಕೆಲಸಕ್ಕೂ ಸರ್ಕಾರದ ವಿಮೆ ಹಣ ಕೊಡತೊಡಗಿತು. ಹಣ ಬಂದ ಮೇಲೆಯೇ ವ್ಯವಸ್ಥೆ ನಿಲ್ಲುವುದು. ಇದು ಸಹಕಾರಿಗಳಿಗೆ ತಿಳಿದ ಮಾತು.

ನಮ್ಮ ದೇಶದ ಅನುಭವವೂ ಇದೆ. ಹೊಸದಾಗಿ ಹುಟ್ಟಿದ ಛತ್ತೀಸಗಢ ರಾಜ್ಯ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಶಿಕ್ಷಣ ಆರಂಭಿಸಿತು. ವೈದ್ಯರ ಸಂಘಗಳ ವಿರೋಧದಿಂದ ಆ ಶಿಕ್ಷಣ ಬಹುಕಾಲ ನಡೆಯಲಿಲ್ಲ. ಆದರೆ ಓದಿ ಹೊರಬಂದವರು ಗ್ರಾಮೀಣ ವೈದ್ಯಕೀಯ ಸಹಾಯಕರಾಗಿ ಕಾಡಿನ ಊರುಗಳ ಆರೋಗ್ಯ ಕೇಂದ್ರಗಳಿಗೆ ಹೋದರು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಮಾನ್ಯ ಕಾಯಿಲೆಗಳ ವಿಷಯದಲ್ಲಿ ಇವರನ್ನು ಎಂ.ಬಿ.ಬಿ.ಎಸ್. ವೈದ್ಯರೊಡನೆ ಹೋಲಿಸಿ ನೋಡಿ, ಇಬ್ಬರೂ ಸರಿಸಮ ಎಂದು ಕಂಡಿತು. ಅದೇ ಅಧ್ಯಯನದಲ್ಲಿ, ವಿಶೇಷ ತರಬೇತಿಯಿಲ್ಲದೆ ಡಾಕ್ಟರ ಜಾಗದಲ್ಲಿ ಕೂತ ನರ್ಸುಗಳೂ ಕಂಪೌಂಡರುಗಳೂ ಎಲ್ಲರಿಗಿಂತ ಹಿಂದೆ ಉಳಿದರು. ಇವೆರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು. ಕಡಿಮೆ ವರ್ಷ ಓದಿದ್ದು ದೋಷವಲ್ಲ. ಮಾಡುವ ಕೆಲಸಕ್ಕೆ ತಕ್ಕ ಓದು ಇಲ್ಲದಿರುವುದು ದೋಷ. ನರ್ಸುಗಳು ಡಾಕ್ಟರ ಬದಲಿಗೆ ರೋಗಿಗಳನ್ನು ನೋಡಿದ 18 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಒಂದು ಪರಿಶೀಲನೆಯೂ, ಪರಿಣಾಮ ಬಹುಮಟ್ಟಿಗೆ ಸಮಾನ ಅಥವಾ ತುಸು ಮೇಲು ಎಂದಿತು. ಅವರು ರೋಗಿಯೊಡನೆ ಹೆಚ್ಚು ಹೊತ್ತು ಮಾತಾಡುತ್ತಾರೆ ಎಂದೂ ಅದರಲ್ಲಿದೆ. ಆದರೆ ಆ ಪ್ರಯೋಗಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಶ್ರೀಮಂತ ದೇಶಗಳವು.

ಈಗ ನಮ್ಮ ಉಪಕೇಂದ್ರಕ್ಕೆ ಬರೋಣ. 30 ವರ್ಷ ದಾಟಿದ ಎಲ್ಲರ ರಕ್ತದೊತ್ತಡ, ಸಕ್ಕರೆ ನೋಡುವುದು, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣ ಪರೀಕ್ಷಿಸುವುದು ಈ ಅಧಿಕಾರಿಯ ಮುಖ್ಯ ಕೆಲಸಗಳಲ್ಲಿ ಸೇರಿದೆ. ಬಿ.ಪಿ. ಅಥವಾ ಸಕ್ಕರೆ ಹೆಚ್ಚಿದೆಯೆಂದು ಕಂಡರೆ ಔಷಧಿ ಆರಂಭಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಆಮೇಲೆ ತಿಂಗಳು ತಿಂಗಳು ಮಾತ್ರೆ ಕೊಡುವುದು, ಬಿ.ಪಿ. ನೋಡಿ ಬರೆದಿಡುವುದು, ಏರುಪೇರಾದರೆ ಡಾಕ್ಟರಿಗೆ ತಿಳಿಸುವುದು ಇವೆಲ್ಲ ಉಪಕೇಂದ್ರದಲ್ಲೇ ಆಗುತ್ತದೆ. ಇ-ಸಂಜೀವನಿ ಎಂಬ ವ್ಯವಸ್ಥೆಯಲ್ಲಿ ಪರದೆಯ ಮೇಲೆ ಡಾಕ್ಟರನ್ನು ಕಂಡು ಮಾತಾಡಿಸುವುದಕ್ಕೂ ಅವಕಾಶವಿದೆ. ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ಇದ್ದರೆ, ಎಂದು ಸೇರಿಸಬೇಕಾದೀತು.

ಇದು ಸಣ್ಣ ಕೆಲಸವೆಂದು ಎಣಿಸಬೇಡಿ. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷ ಕೊನೆ ತೆಗೆದವರೊಬ್ಬರಿಗೆ ಬಿ.ಪಿ. ಇತ್ತು. ಪೇಟೆಯಲ್ಲಿ ಬರೆದುಕೊಟ್ಟ ಮಾತ್ರೆ ಒಂದು ತಿಂಗಳು ನುಂಗಿದರು. ಮತ್ತೆ ತರಬೇಕಾದರೆ ಒಂದು ದಿನದ ಕೂಲಿ, ಎರಡು ಬಸ್ಸಿನ ಛಾರ್ಜು. ಮೈಗೆ ಏನೂ ತೊಂದರೆ ಕಾಣುತ್ತಿರಲಿಲ್ಲವಾದ್ದರಿಂದ ಬಿಟ್ಟುಬಿಟ್ಟರು. ಸುಗ್ಗಿಯ ಮಧ್ಯೆ ಒಂದು ಬೆಳಿಗ್ಗೆ ಬಲಗೈ ಬಲಗಾಲು ಬಿದ್ದುಹೋಯಿತು. ಮರದ ಮೇಲಿರಲಿಲ್ಲ ಎಂಬುದಷ್ಟೇ ಪುಣ್ಯ. ಮಾತ್ರೆಯ ಬೆಲೆ ಹೆಚ್ಚಿರಲಿಲ್ಲ, ಡಾಕ್ಟರೂ ತಪ್ಪು ಮಾಡಿರಲಿಲ್ಲ. ದೂರವೇ ತಪ್ಪು ಮಾಡಿತು. ನಾವೂ ಅವರನ್ನು ಒಂದು ಮಾತು ಕೇಳಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಹೊರಿಸಿದ್ದು ದೊಡ್ಡ ಎಸ್ಟೇಟುಗಳ ಮೇಲೆ. ನಾಲ್ಕೆಕರೆ ಅಡಿಕೆ, ಮೂರೆಕರೆ ಕಾಫಿಯ ನಮ್ಮಂಥವರ ಆಳುಗಳಿಗೆ ಸರ್ಕಾರದ ಉಪಕೇಂದ್ರವೇ ಗತಿ.

ಬಾಯಿಯ ಪರೀಕ್ಷೆಯ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವುದು ನಮಗೆ ಇರಿಸುಮುರಿಸು. ಆದರೂ ಮುಚ್ಚಿಟ್ಟು ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಬಗ್ಗೆ ಬೆಳೆಗಾರರ ತಕರಾರು ಏನೇ ಇರಲಿ, ದಿನವಿಡೀ ಕವಳ ಹಾಕುವವರು, ಅದರಲ್ಲೂ ತಂಬಾಕು ಸೇರಿಸುವವರು, ಬಾಯಿ ತೋರಿಸಿ ಬರುವುದರಿಂದ ಅಡಿಕೆಯ ದರವೇನೂ ಇಳಿಯುವುದಿಲ್ಲ. ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ತೆರೆಯಲು ಬಿಗಿತ ಇದ್ದರೆ ತಡಮಾಡಬೇಡಿ.

ಈ ಅಧಿಕಾರಿ ಮಾಡಬಾರದ ಕೆಲಸವನ್ನೂ ತಿಳಿದಿರಬೇಕು. ಹಾವು ಕಚ್ಚಿದರೆ, ಎದೆನೋವು ಬಂದರೆ, ಮರದಿಂದ ಬಿದ್ದರೆ ಉಪಕೇಂದ್ರದಲ್ಲಿ ಕಾಲ ಕಳೆಯದೆ 108ಕ್ಕೆ ಫೋನು ಮಾಡಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅದನ್ನು ಬಿಡಿಸಿ ಹೇಳಿ, ರಕ್ತಪರೀಕ್ಷೆಗೆ ಕಳಿಸಲು ಕೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಎಂಥದ್ದೆಂದು ನಮಗೆ ಗೊತ್ತೇ ಇದೆ. ಅದಕ್ಕೆ ಜ್ವರದ ಮಾತ್ರೆ ಕೊಟ್ಟು ಕಳಿಸುವುದು ಸಾಲದು.

ಹೆಸರಿನ ಗೊಂದಲವೂ ಸಣ್ಣದಲ್ಲ. ನಮ್ಮ ಜನ ಬಿಳಿ ಕೋಟು ಕಂಡೊಡನೆ 'ಡಾಕ್ಟ್ರಮ್ಮ' ಎನ್ನುತ್ತಾರೆ. ಬ್ರಿಟನ್ನಿನಲ್ಲೂ ಹೀಗೇ ಆಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 'ಫಿಸಿಷಿಯನ್ ಅಸೋಸಿಯೇಟ್' ಎಂಬವರನ್ನು ರೋಗಿಗಳು ಡಾಕ್ಟರೆಂದೇ ತಿಳಿಯುತ್ತಿದ್ದರು. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ, ಇವರನ್ನು 'ಅಸಿಸ್ಟೆಂಟ್' ಎಂದೇ ಕರೆಯಬೇಕು, ರೋಗ ಇಂಥದ್ದೆಂದು ಇನ್ನೂ ಗೊತ್ತಾಗದ ರೋಗಿಗಳನ್ನು ಸ್ಪಷ್ಟ ನಿಯಮಾವಳಿಯಿಲ್ಲದೆ ಇವರು ನೋಡಬಾರದು ಎಂದು ಸೂಚಿಸಿತು. ನಮ್ಮಲ್ಲೂ 'ಅಧಿಕಾರಿ' ಎಂಬ ದೊಡ್ಡ ಹೆಸರು ಕೊಟ್ಟು, ಗುತ್ತಿಗೆಯ ನೌಕರಿಯಲ್ಲಿ ಕೂರಿಸಿ, ಹಿಂದೆ ಡಾಕ್ಟರಿಲ್ಲದೆ ಬಿಟ್ಟರೆ ಆ ಹೆಣ್ಣುಮಗಳಿಗೂ ಅನ್ಯಾಯ, ನಮಗೂ ಅಪಾಯ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಹುದ್ದೆಯನ್ನು ಖಾಲಿ ಬಿಡಲು ಇದು ನೆಪವಾಗಕೂಡದು. ಮಹಾಸಭೆಯ ಹಿರಿಯರ ಅನುಮಾನದಲ್ಲಿ ಸತ್ಯವಿರುವುದು ಈ ಒಂದು ವಿಷಯದಲ್ಲಿ. ಆ ಅನುಮಾನ ಬಿಡದಿರಲಿ.

ಪ್ರತಿ ಕೇಂದ್ರಕ್ಕೂ ಜನ ಆರೋಗ್ಯ ಸಮಿತಿ ಎಂದಿದೆ. ಉಪಕೇಂದ್ರದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರು ಅದರ ಅಧ್ಯಕ್ಷರು, ಈ ಅಧಿಕಾರಿಯೇ ಸದಸ್ಯ ಕಾರ್ಯದರ್ಶಿ. ಮಾತ್ರೆ ದಾಸ್ತಾನು ಮುಗಿದಿದೆಯೇ, ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ ಎಂಬುದನ್ನು ಅಲ್ಲಿ ಕೇಳಬಹುದು. ಕೇಳುವವರಿಲ್ಲದಿದ್ದರೆ ಸಭೆ ಕಾಗದದ ಮೇಲೆ ನಡೆದುಹೋಗುತ್ತದೆ.

ಈ ಸಲ ಕೊಯ್ಲು ಆರಂಭವಾಗುವ ಮೊದಲು ಸಂಘದ ಗೋದಾಮಿನ ಜಗಲಿಯಲ್ಲಿ ಒಂದು ದಿನ ಕೂತು ಬಿ.ಪಿ., ಸಕ್ಕರೆ ನೋಡಿಕೊಡಲು ನಮ್ಮ ಉಪಕೇಂದ್ರದವರು ಒಪ್ಪಿದ್ದಾರೆ. ದಿನಾಂಕವನ್ನು ನೋಟೀಸು ಬೋರ್ಡಿನಲ್ಲಿ ಹಾಕುತ್ತೇವೆ. ಆ ದಿನದ ಅರ್ಧ ಕೂಲಿ ಹಿಡಿಯದೆ ಆಳುಗಳನ್ನು ಕಳಿಸಿ. ಮರ ಹತ್ತುವವರು ಮೊದಲು ಬರಲಿ.