ಕಪ್ಪು ಫೋಟೊದೊಳಗೆ ದೇವಯಾನಿ

ಈ ಫೋಟೊ ನೋಡಿ. ಬರೀ ಕಪ್ಪು, ಅಲ್ಲಲ್ಲಿ ಒಂದೆರಡು ಚುಕ್ಕಿ. ಡಿಲೀಟ್ ಮಾಡ್ಬೇಡಿ! ಇದರೊಳಗೆ 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗ್ಯಾಲಕ್ಸಿ ಇದೆ.

ಬ್ರೈಟ್‌ನೆಸ್ ಏರಿಸಿದ್ರೆ ಸಾಕಲ್ವಾ? ಸಾಲದು. ಗ್ಯಾಲಕ್ಸಿಯ ಜೊತೆಗೆ ಆ ಕಾಳುಕಾಳು ನಾಯ್ಸ್ ಕೂಡ ಅಷ್ಟೇ ಏರುತ್ತೆ.

ದಾರಿ ಇರೋದು ಸ್ಟ್ಯಾಕಿಂಗ್‌ನಲ್ಲಿ. ಆಕಾಶದ ಅದೇ ಜಾಗವನ್ನ ಹತ್ತಾರು ಸಲ ತೆಗೀರಿ, ರಾ ಫೈಲ್‌ನಲ್ಲೇ. ಭೂಮಿ ತಿರುಗೋದ್ರಿಂದ ಪ್ರತಿ ಫೋಟೊದಲ್ಲೂ ನಕ್ಷತ್ರಗಳು ಚೂರು ಸರಿದಿರ್ತವೆ. ಸಾಫ್ಟ್‌ವೇರ್ ಅವನ್ನ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತೆ. ಗ್ಯಾಲಕ್ಸಿಯ ಬೆಳಕು ಎಲ್ಲದರಲ್ಲೂ ಒಂದೇ ಕಡೆ ಬೀಳುತ್ತೆ, ಉಳಿಯುತ್ತೆ. ನಾಯ್ಸ್ ಪ್ರತಿ ಸಲ ಬೇರೆ, ಹಾಗಾಗಿ ತಗ್ಗುತ್ತೆ. 16 ಫೋಟೊ ಸೇರಿಸಿದ್ರೆ ಕಾಲು ಭಾಗಕ್ಕೆ ಇಳಿಯುತ್ತೆ. 100 ಸೇರಿಸಿದ್ರೆ ಹತ್ತರಲ್ಲೊಂದು ಭಾಗಕ್ಕೆ!

ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಎಕ್ಸ್‌ಪೋಷರ್‌ನಲ್ಲಿ ಒಂದಷ್ಟು ಡಾರ್ಕ್ ಫ್ರೇಮ್ ತೆಗೀರಿ. ಸೆನ್ಸರ್‌ನ ಹಾಟ್ ಪಿಕ್ಸೆಲ್‌ಗಳನ್ನ ಕಳೆಯೋಕೆ ಅವು ಬೇಕು.

ಈಗ ಕರ್ವ್ಸ್. ಕಪ್ಪಿಗೆ ಹತ್ತಿರದ ಭಾಗವನ್ನ ಮಾತ್ರ ಮೆಲ್ಲಗೆ ಮೇಲೆತ್ತಿ. ಬಂತು ನೋಡಿ: ನಡುವೆ ಹೊಳಪು, ಸುತ್ತ ಓರೆಯಾಗಿ ಹರಡಿದ ಮಂಜು, ಒಂದು ಪಕ್ಕಕ್ಕೆ ಧೂಳಿನ ಕಪ್ಪು ಪಟ್ಟಿ.

ಒಂದು ಮಾತು ಮಾತ್ರ ಖಡಾಖಂಡಿತ. ಎಐ ಆ್ಯಪ್ ಊಹೆಯಿಂದ ಬಿಡಿಸಿಕೊಟ್ಟ ಗ್ಯಾಲಕ್ಸಿ ಫೋಟೊ ಅಲ್ಲವೇ ಅಲ್ಲ. ಅಷ್ಟು ದೂರದಿಂದ ನಿಜವಾದ ಬೆಳಕೇ ನಿಮ್ಮ ಸೆನ್ಸರಿಗೆ ಬಂದು ಬಿದ್ದಿರುವಾಗ, ಊಹೆ ಯಾಕೆ ಬೇಕು?

ನವೆಂಬರ್‌ನಲ್ಲಿ, ಅಮಾವಾಸ್ಯೆಯ ಆಸುಪಾಸು, ರಾತ್ರಿ 9ರ ಹೊತ್ತಿಗೆ ದೇವಯಾನಿ ನಮ್ಮ ಉತ್ತರಕ್ಕೆ ಎತ್ತರದಲ್ಲಿರುತ್ತೆ. ಊರ ದೀಪಗಳಿಂದ ದೂರ ಹೋಗಿ, ಟ್ರೈಪಾಡ್ ಮರೀಬೇಡಿ.